ಎಂಜಿನ್ನಿನ ಉಸಿರು

ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿನಲ್ಲಿ ಕೊಳಾಲ ಒಂದು ಹೋಬಳಿಯ ಕೇಂದ್ರ. ಸಮುದ್ರಮಟ್ಟದಿಂದ ಏಳೆಂಟು ನೂರು ಮೀಟರುಗಳ ಎತ್ತರದಲ್ಲಿ ಹಬ್ಬಿರುವ ಬಯಲುಸೀಮೆ ಅದು. ಅಲ್ಲಲ್ಲಿ ಬೋಳು ಬಂಡೆಗಳ ಗುಡ್ಡ, ಗುಡ್ಡದ ಮಗ್ಗುಲಲ್ಲಿ ಕೆರೆ, ಕೆರೆಯ ಏರಿಯ ಕೆಳಗೆ ತೆಂಗು ಅಡಿಕೆಗಳ ತೋಟ, ಉಳಿದೆಡೆ ರಾಗಿ ಮತ್ತು ನೆಲಗಡಲೆಯ ಹೊಲ. ಮಾಘ ಕಳೆದು ಚೈತ್ರ ಬರುವಷ್ಟರಲ್ಲಿ ಕೆರೆಯಂಗಳ ಬಿರುಕು ಬಿಡುತ್ತದೆ. ಬಂಡೆಗಳು ಹಗಲೆಲ್ಲ ಹೀರಿದ ಬಿಸಿಲನ್ನು ರಾತ್ರಿ ಬಹುಹೊತ್ತಿನವರೆಗೆ ಉಗುಳುತ್ತವೆ. ಇಂಥ ಬಿಸಿಲಿನಲ್ಲಿ ಮನುಷ್ಯರು ಮರದ ನೆರಳನ್ನು ಹುಡುಕುತ್ತಾರೆ, ದನಗಳು ಹುಡುಕುತ್ತವೆ. ಆದರೆ ಹೊರೆ ಹೊತ್ತು ಏರುದಾರಿ ಹತ್ತುವ ಮೋಟಾರು ವಾಹನಕ್ಕೆ ನೆರಳಿನ ಭಾಗ್ಯವಿಲ್ಲ. ಅದು ತನ್ನೊಳಗಿನ ಬೆಂಕಿಯನ್ನೂ ಹೊರಗಿನ ಬಿಸಿಲನ್ನೂ ಒಟ್ಟಿಗೆ ಸಹಿಸಬೇಕು.

ಎಂಜಿನ್ನಿನ ಒಳಗಿನ ಬೆಂಕಿ ಸಾಮಾನ್ಯವಾದುದಲ್ಲ. ಸಿಲಿಂಡರಿನಲ್ಲಿ ಇಂಧನ ಹೊತ್ತಿಕೊಂಡ ಕ್ಷಣದಲ್ಲಿ ಜ್ವಾಲೆಯ ಉಷ್ಣತೆ 2000 ಡಿಗ್ರಿ ಸೆಲ್ಸಿಯಸ್ಸನ್ನು ದಾಟುತ್ತದೆ. ಪಿಸ್ಟನ್ನನ್ನು ಮಾಡುವ ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗಿ ನೀರಾಗುವ ಲೋಹ. ಹೀಗಿದ್ದೂ ಪಿಸ್ಟನ್ನು ಕರಗದೆ ಉಳಿಯುವುದು ಅದರ ಸುತ್ತಲಿನ ಸಿಲಿಂಡರಿನ ಗೋಡೆಯ ಹಿಂದೆ ಹರಿಯುವ ನೀರಿನ ದಯೆಯಿಂದ. ಇಂಧನದಲ್ಲಿ ಅಡಗಿರುವ ಶಾಖದಲ್ಲಿ ಕಾಲುಭಾಗವೋ ಅದಕ್ಕಿಂತ ತುಸು ಹೆಚ್ಚೋ ಚಕ್ರವನ್ನು ತಿರುಗಿಸುತ್ತದೆ. ಮೂರನೆಯ ಒಂದು ಭಾಗದಷ್ಟು ಸೈಲೆನ್ಸರಿನ ಹೊಗೆಯೊಡನೆ ಹೋಗುತ್ತದೆ. ಹೆಚ್ಚುಕಡಮೆ ಅಷ್ಟೇ ಪಾಲು ನೀರಿಗೆ ಸೇರುತ್ತದೆ. ಒಂದು ಲೀಟರ್ ಪೆಟ್ರೋಲು ಉರಿದಾಗ ನೀರಿನ ಪಾಲಿಗೆ ಬರುವ ಶಾಖದಿಂದ ಎರಡು ಕೊಡ, ಎಂದರೆ ಸುಮಾರು 30 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಮನೆಯ ಹಂಡೆಯ ಒಲೆಗೆ ಸೌದೆ ಒಟ್ಟಿದವರಿಗೆ ಇದು ಎಷ್ಟು ದೊಡ್ಡ ಲೆಕ್ಕವೆಂಬುದು ಗೊತ್ತು.

ಈ ಶಾಖವನ್ನು ಯಾವ ದಾರಿಯಲ್ಲಿ ಹೊರಗೆ ಸಾಗಿಸಬೇಕು ಎಂಬ ಪ್ರಶ್ನೆ ಮೋಟಾರು ಕಾರಿನಷ್ಟೇ ಹಳೆಯದು. ಮೊದಮೊದಲು ನೀರು ಕುದಿದು ಆವಿಯಾಗಿ ಹೋಗಲೆಂದು ಬಿಡುತ್ತಿದ್ದರು. ಹೋದಷ್ಟನ್ನು ಮತ್ತೆ ಮತ್ತೆ ಸುರಿಯುತ್ತಿದ್ದರು. ಜರ್ಮನಿಯ ವಿಲ್ಹೆಲ್ಮ್ ಮೈಬಾಖ್ 1900ರಲ್ಲಿ ಜೇನುಹಟ್ಟಿಯಂತೆ ಕಾಣುವ ರೇಡಿಯೇಟರನ್ನು ರೂಪಿಸಿದನು. ಅದರಲ್ಲಿ ಆರು ಮಿಲಿಮೀಟರು ಅಗಲದ 8,070 ಪುಟ್ಟ ಕೊಳವೆಗಳಿದ್ದವು. ಕೊಳವೆಗಳೊಳಗೆ ಗಾಳಿ ನುಗ್ಗುತ್ತಿತ್ತು, ಅವುಗಳ ನಡುವಿನ ಸಂದಿನಲ್ಲಿ ನೀರು ಹರಿಯುತ್ತಿತ್ತು. ಕೆಲವೇ ಲೀಟರ್ ನೀರು ಸುತ್ತಿ ಸುತ್ತಿ ಅದೇ ಕೆಲಸವನ್ನು ಮಾಡುವಂತಾಯಿತು. 1908ರಲ್ಲಿ ಬಂದ ಫೋರ್ಡ್ ಕಂಪನಿಯ 'ಟಿ' ಮಾದರಿಯ ಕಾರಿನಲ್ಲಂತೂ ಬಹುಕಾಲ ನೀರನ್ನು ತಳ್ಳುವ ಪಂಪೇ ಇರಲಿಲ್ಲ. ಕಾದ ನೀರು ಹಗುರವಾಗಿ ಮೇಲೇರುತ್ತದೆ, ತಣಿದ ನೀರು ಭಾರವಾಗಿ ಕೆಳಗಿಳಿಯುತ್ತದೆ ಎಂಬ ಸ್ವಭಾವವನ್ನೇ ನಂಬಿ ಆ ಕಾರು ಓಡಿತು.

ಕೊಳಾಲದಂಥ ಊರುಗಳಿಗೆ ಈ ವಿದ್ಯೆ ಮನೆಬಾಗಿಲಿಗೆ ಬಂದದ್ದು ಕಾರಿನ ರೂಪದಲ್ಲಿ ಅಲ್ಲ, ಆಯಿಲ್ ಎಂಜಿನ್ನಿನ ರೂಪದಲ್ಲಿ. 1960 ಮತ್ತು 1970ರ ದಶಕಗಳಲ್ಲಿ ವಿದ್ಯುತ್ತು ಇನ್ನೂ ಬಾರದಿದ್ದ ಕಡೆಗಳಲ್ಲಿ ತೆರೆದ ಬಾವಿಯ ದಡದ ಮೇಲೆ ಡೀಸೆಲ್ ಎಂಜಿನ್ನುಗಳು ಬಂದು ಕುಳಿತವು. ಕಪಿಲೆ ಎಳೆಯುತ್ತಿದ್ದ ಎತ್ತುಗಳಿಗೆ ಬಿಡುವು ದೊರೆಯಿತು. ಎಂಜಿನ್ನನ್ನು ತಣಿಸಲು ರೈತರು ಕಂಡುಕೊಂಡ ಉಪಾಯ ಅತ್ಯಂತ ಸುಲಭವಾದದ್ದು: ಪಂಪು ಎತ್ತಿ ಸುರಿಯುವ ನೀರಿನ ಕೊಳವೆಗೆ ಒಂದು ಸಣ್ಣ ಕವಲು ಹಾಕಿ, ಆ ನೀರನ್ನು ಎಂಜಿನ್ನಿನ ಹೊದಿಕೆಯೊಳಗೆ ಹಾಯಿಸಿ, ಕಾಲುವೆಗೆ ಬಿಟ್ಟುಬಿಡುವುದು. ಬಾವಿಯ ತಣ್ಣೀರಿಗೆ ಕೊರತೆ ಇಲ್ಲ. ರೇಡಿಯೇಟರಿನ ಖರ್ಚೂ ಇಲ್ಲ. ಎಂಜಿನ್ನಿನ ಮೇಲೆ ಕೈಯಿಟ್ಟರೆ ಹಸುಗೂಸಿನ ಮೈಯಂತೆ ಬೆಚ್ಚಗಿರುತ್ತಿತ್ತು. ಒಡೆಯನಿಗೆ ಅದೊಂದು ಹೆಮ್ಮೆ.

ಆದರೆ ಆ ಹೆಮ್ಮೆಗೆ ತೆರಬೇಕಾದ ಬೆಲೆ ದೊಡ್ಡದಾಗಿತ್ತು. ಡೀಸೆಲಿನಲ್ಲಿ ಗಂಧಕದ ಅಂಶವಿರುತ್ತದೆ. ಅದು ಉರಿದಾಗ ಉಂಟಾಗುವ ಅನಿಲವು ಸಿಲಿಂಡರಿನ ಗೋಡೆ ಸಾಕಷ್ಟು ಬಿಸಿಯಾಗಿದ್ದರೆ ಹೊಗೆಯೊಡನೆ ಹೊರಟುಹೋಗುತ್ತದೆ. ಗೋಡೆ ತಣ್ಣಗಿದ್ದರೆ ಅಲ್ಲಿಯೇ ನೀರಿನ ಹನಿಗಳೊಡನೆ ಬೆರೆತು ಆಮ್ಲವಾಗಿ ಕೂರುತ್ತದೆ. ಆಮ್ಲ ಲೋಹವನ್ನು ಸದ್ದಿಲ್ಲದೆ ತಿನ್ನುತ್ತದೆ. ತಣ್ಣಗಿನ ಎಣ್ಣೆ ಗಟ್ಟಿಯಾಗಿದ್ದು ಉಜ್ಜಾಟ ಹೆಚ್ಚುತ್ತದೆ. ಇಂಧನ ಪೂರ್ತಿ ಉರಿಯದೆ ಕಪ್ಪು ಹೊಗೆಯಾಗುತ್ತದೆ. ಐದಾರು ವರ್ಷ ದುಡಿಯಬೇಕಾದ ಸಿಲಿಂಡರ್ ಎರಡು ಮೂರು ವರ್ಷಗಳಲ್ಲಿ ಸವೆದು ಕೈಕೊಟ್ಟರೆ, ಬೆಳೆ ನೀರಿಗೆ ಕಾಯುವ ಹೊತ್ತಿನಲ್ಲಿ ಸಣ್ಣ ಹಿಡುವಳಿದಾರನ ಮನೆಯಲ್ಲಿ ಒಡವೆ ಗಿರವಿಗೆ ಹೋಗುವುದು ಅಪರೂಪದ ಸಂಗತಿಯಾಗಿರಲಿಲ್ಲ. ತಿಳಿದ ಮೇಸ್ತ್ರಿಗಳು ಕವಲಿನ ಕೊಳವೆಗೆ ಒಂದು ತಿರುಪು ನಲ್ಲಿ ಹಾಕಿಸಿ, ಎಂಜಿನ್ನಿನಿಂದ ಹೊರಬರುವ ನೀರು ಕೈ ಸುಡುವಷ್ಟು, ಎಂದರೆ 60-70 ಡಿಗ್ರಿಯಷ್ಟು ಬಿಸಿಯಾಗಿರುವಂತೆ ಹರಿವನ್ನು ಕಡಮೆ ಮಾಡಿಸುತ್ತಿದ್ದರು. ಮಾಡಿದ್ದು ಇಷ್ಟೇ: ನೀರಿನ ದಾರಿಯನ್ನು ಸ್ವಲ್ಪ ಬಿಗಿಹಿಡಿದದ್ದು. ಡೀಸೆಲಿನ ಖರ್ಚು ತಗ್ಗಿತು, ಎಂಜಿನ್ನಿನ ಆಯುಸ್ಸು ಹೆಚ್ಚಿತು.

ಎಂಜಿನ್ನಿನ ಗೋಡೆ ಬಿಸಿಯಾಗಿರಬೇಕು. ಆದರೆ ಅದು ಸೇವಿಸುವ ಗಾಳಿ ತಣ್ಣಗಿರಬೇಕು. ಈ ಎರಡು ಮಾತುಗಳು ಮೇಲುನೋಟಕ್ಕೆ ಒಂದಕ್ಕೊಂದು ವಿರುದ್ಧವೆಂದು ತೋರುತ್ತವೆ. ಮೋಟಾರು ರಿಪೇರಿಯ ಅಂಗಡಿಗಳಲ್ಲಿ ನಡೆಯುವ ಎಷ್ಟೋ ತಪ್ಪುಗಳ ಮೂಲ ಈ ಎರಡನ್ನು ಬೆರೆಸಿಬಿಡುವುದರಲ್ಲಿದೆ.

ಎಂಜಿನ್ನು ಇಂಧನವನ್ನು ಕುಡಿಯುತ್ತದೆ ಎನ್ನುವುದು ಎಲ್ಲರ ಮಾತು. ನಿಜವಾಗಿ ಅದು ಕುಡಿಯುವುದಕ್ಕಿಂತ ಹೆಚ್ಚಾಗಿ ಉಸಿರಾಡುತ್ತದೆ. ಒಂದು ಗ್ರಾಂ ಪೆಟ್ರೋಲು ಸರಿಯಾಗಿ ಉರಿಯಲು ಹೆಚ್ಚುಕಡಮೆ 15 ಗ್ರಾಂ ಗಾಳಿ ಬೇಕು. ಇಲ್ಲಿ ಲೆಕ್ಕಕ್ಕೆ ಬರುವುದು ಗಾಳಿಯ ಗಾತ್ರವಲ್ಲ, ತೂಕ. ಸಿಲಿಂಡರಿನ ಹೊಟ್ಟೆಯ ಅಳತೆ ಬದಲಾಗುವುದಿಲ್ಲ. ಅದರೊಳಗೆ ತುಂಬುವ ಗಾಳಿಯ ತೂಕ ಮಾತ್ರ ಬಿಸಿಲು, ಎತ್ತರಗಳಿಗೆ ತಕ್ಕಂತೆ ಏರಿಳಿಯುತ್ತದೆ. ಸಮುದ್ರತೀರದಲ್ಲಿ 15 ಡಿಗ್ರಿ ಉಷ್ಣತೆಯಿರುವಾಗ ಒಂದು ಘನ ಮೀಟರ್ ಗಾಳಿ ಸುಮಾರು 1,225 ಗ್ರಾಂ ತೂಗುತ್ತದೆ. 750 ಮೀಟರ್ ಎತ್ತರದಲ್ಲಿ, 38 ಡಿಗ್ರಿಯ ಬೇಸಗೆಯ ಮಧ್ಯಾಹ್ನ, ಅಷ್ಟೇ ಗಾಳಿ ಸುಮಾರು 1,035 ಗ್ರಾಂ ಮಾತ್ರ. ಬಯಲುಸೀಮೆಯಲ್ಲಿ ಓಡುವ ವಾಹನ ತನ್ನ ಉಸಿರಿನಲ್ಲಿ ಆರನೆಯ ಒಂದು ಪಾಲಿನಷ್ಟನ್ನು ಎತ್ತರಕ್ಕೂ ಬಿಸಿಲಿಗೂ ತೆತ್ತೇ ಹೊರಡುತ್ತದೆ ಎಂದಾಯಿತು. ಇದರ ಮೇಲೆ ಆ ಗಾಳಿ ಬಾನೆಟ್ಟಿನೊಳಗೆ ಸುಳಿದಾಡಿ 60 ಡಿಗ್ರಿಗೆ ಕಾದರೆ ತೂಕ 970 ಗ್ರಾಮಿಗೆ ಇಳಿಯುತ್ತದೆ. ಎತ್ತರವನ್ನು ತಗ್ಗಿಸಲು ಯಾರಿಂದಲೂ ಆಗದು, ಬಿಸಿಲನ್ನೂ ತಡೆಯಲಾಗದು. ಮನುಷ್ಯನ ಕೈಗೆ ಸಿಕ್ಕುವುದು ಈ ಕೊನೆಯ ನಷ್ಟವೊಂದೇ.

ತೂಕ ಕಡಮೆಯಾಗುವುದರ ಜೊತೆಗೆ ಬಿಸಿಗಾಳಿಯಿಂದ ಇನ್ನೊಂದು ತೊಂದರೆಯುಂಟು. ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸಿದ ಜ್ವಾಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಕ್ರಮವಾಗಿ ಹರಡಬೇಕು. ಮೊದಲೇ ಬಿಸಿಯಾಗಿ ಬಂದ ಮಿಶ್ರಣವಾದರೆ, ಜ್ವಾಲೆ ತಲಪುವ ಮೊದಲೇ ದೂರದ ಮೂಲೆಯಲ್ಲಿ ತಾನಾಗಿ ಸ್ಫೋಟಿಸುತ್ತದೆ. ಆಗ ಲೋಹದ ಮೇಲೆ ಸುತ್ತಿಗೆಯಿಂದ ತಟ್ಟಿದಂಥ ಟಣಟಣ ಸದ್ದು ಕೇಳುತ್ತದೆ. ಬ್ರಿಟನ್ನಿನ ಹ್ಯಾರಿ ರಿಕಾರ್ಡೋ ಎಂಬ ಯಂತ್ರತಜ್ಞನು ಈ ಸದ್ದಿನ ಕಾರಣವನ್ನು ಹುಡುಕುವುದರಲ್ಲಿ ಹಲವು ವರ್ಷಗಳನ್ನು ಕಳೆದನು. ಏರು ಹತ್ತುವಾಗ ಈ ಸದ್ದನ್ನು ಲೆಕ್ಕಿಸದೆ ಓಡಿಸಿದ ಕಾರುಗಳಲ್ಲಿ ಪಿಸ್ಟನ್ನಿನ ನೆತ್ತಿ ತೂತಾದದ್ದುಂಟು. ಈಗಿನ ಕಾರುಗಳಲ್ಲಿ ಒಳಬರುವ ಗಾಳಿಯ ಬಿಸಿಯನ್ನು ಅಳೆಯುವ ಪುಟ್ಟ ಸಾಧನವಿದ್ದು, ಗಾಳಿ ಕಾದಿದೆಯೆಂದು ಕಂಡರೆ ಕಿಡಿಯನ್ನು ತುಸು ತಡಮಾಡಿ ಹೊತ್ತಿಸುತ್ತದೆ. ಎಂಜಿನ್ನು ಉಳಿಯುತ್ತದೆ, ಆದರೆ ಬಲ ಇನ್ನಷ್ಟು ಕುಗ್ಗುತ್ತದೆ.

ಎಂಜಿನ್ನಿಗೆ ಹೋಗುವ ಉಸಿರನ್ನು ತಣಿಸಬೇಕೆಂಬ ಪಾಠವನ್ನು ಕನ್ನಡ ನಾಡಿನ ಹಿರಿಯ ತಲೆಮಾರು ಪುಸ್ತಕದಿಂದ ಕಲಿಯಲಿಲ್ಲ. ಇದ್ದಿಲು ಬಸ್ಸುಗಳಿಂದ ಕಲಿಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ಸೈನ್ಯದ ಪಾಲಾಗಿ ಜನರಿಗೆ ಪಡಿತರದಲ್ಲಿ ದೊರೆಯತೊಡಗಿದಾಗ, ಮೈಸೂರು ಸಂಸ್ಥಾನದ ಬಸ್ಸುಗಳ ಬೆನ್ನಿಗೆ ಇದ್ದಿಲಿನ ಉರುಳೆಯಾಕಾರದ ಒಲೆ ಬಂದು ಅಂಟಿಕೊಂಡಿತು. ಆ ಒಲೆಯಲ್ಲಿ ಇದ್ದಿಲು ಸಾಕಷ್ಟು ಗಾಳಿಯಿಲ್ಲದೆ ಕುಮುಲಿ, ಕಾರ್ಬನ್ ಮಾನಾಕ್ಸೈಡ್ ಎಂಬ ಉರಿಯಬಲ್ಲ ಅನಿಲವನ್ನು ಕೊಡುತ್ತಿತ್ತು. ಹೊರಡುವ ಮೊದಲು ಕ್ಲೀನರ್ ಹುಡುಗನು ಕೈಯಿಂದ ಗಾಳಿಯಂತ್ರವನ್ನು ತಿರುಗಿಸಿ ಕೆಂಡವನ್ನು ಹದಕ್ಕೆ ತರಬೇಕಾಗಿತ್ತು. ಒಲೆಯಿಂದ ಹೊರಬರುವ ಅನಿಲ ನೂರಾರು ಡಿಗ್ರಿ ಬಿಸಿಯಾಗಿರುತ್ತಿತ್ತು. ಅದನ್ನು ಹಾಗೆಯೇ ಎಂಜಿನ್ನಿಗೆ ಕೊಟ್ಟಿದ್ದರೆ ಬಸ್ಸು ನಿಂತ ಜಾಗದಿಂದ ಅಲುಗುತ್ತಿರಲಿಲ್ಲ. 300 ಡಿಗ್ರಿಯ ಅನಿಲವನ್ನು 40 ಡಿಗ್ರಿಗೆ ಇಳಿಸಿದರೆ ಅದರ ಗಾತ್ರ ಹೆಚ್ಚುಕಡಮೆ ಅರ್ಧವಾಗುತ್ತದೆ. ಅಂದರೆ ಅದೇ ಸಿಲಿಂಡರಿನೊಳಗೆ ಹೆಚ್ಚುಕಡಮೆ ಎರಡರಷ್ಟು ಉರುವಲು ಹಿಡಿಯುತ್ತದೆ. ಈ ಕಾರಣದಿಂದ ಒಲೆಗೂ ಎಂಜಿನ್ನಿಗೂ ನಡುವೆ ಅನಿಲವನ್ನು ಉದ್ದನೆಯ ಕೊಳವೆಗಳಲ್ಲಿ ಹಾಯಿಸಿ, ಹೊರಗಿನ ಗಾಳಿಗೆ ತಣಿಸಿ, ಬೂದಿಯನ್ನು ಸೋಸಿ ಒಳಗೆ ಬಿಡುತ್ತಿದ್ದರು. ಇಷ್ಟು ಮಾಡಿದರೂ ಪೆಟ್ರೋಲಿನ ಬಲಕ್ಕೆ ಹೋಲಿಸಿದರೆ ಮೂರನೆಯ ಒಂದು ಪಾಲಿನಿಂದ ಅರ್ಧದವರೆಗೆ ನಷ್ಟವೇ. ದಿಣ್ಣೆ ಬಂದಾಗ ಪ್ರಯಾಣಿಕರು ಇಳಿದು ನಡೆಯುವುದು, ಕೆಲವೊಮ್ಮೆ ತಳ್ಳುವುದು, ಟಿಕೆಟ್ಟಿನ ಹಣದೊಳಗೇ ಸೇರಿದ ಸೇವೆಯಾಗಿತ್ತು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಡನೆ ಆರಂಭವಾಗುವ ಹೊತ್ತಿಗೆ ಯುದ್ಧ ಮುಗಿದು ಮೂರು ವರ್ಷವಾಗಿತ್ತು. ಇದ್ದಿಲಿನ ಒಲೆಗಳು ಕ್ರಮೇಣ ಗುಜರಿ ಸೇರಿದವು.

ಆದರೆ ಆ ವಿದ್ಯೆ ಗುಜರಿ ಸೇರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ, ಪ್ರೊಫೆಸರ್ ಎ. ಕೆ. ಎನ್. ರೆಡ್ಡಿಯವರ ಮುಂದಾಳುತನದಲ್ಲಿ, ಹಳ್ಳಿಗಳ ಅಗತ್ಯಗಳಿಗೆ ವಿಜ್ಞಾನವನ್ನು ತಿರುಗಿಸುವ 'ಅಸ್ತ್ರ' ಎಂಬ ಘಟಕ ಹುಟ್ಟಿಕೊಂಡಿತು. ಅದು 1988ರಲ್ಲಿ ತುಮಕೂರು ಜಿಲ್ಲೆಯದೇ ಆದ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿ ಎಂಬ ಪುಟ್ಟ ಊರಿನಲ್ಲಿ, ಸೌದೆಯ ಅನಿಲದಿಂದ ಓಡುವ 3.7 ಕಿಲೋವಾಟ್ ಸಾಮರ್ಥ್ಯದ ವಿದ್ಯುತ್ ಯಂತ್ರವನ್ನು ನಿಲ್ಲಿಸಿತು. ಊರಿನ ಬಳಿ ಬೆಳೆಸಿದ ಮರಗಳ ಚಕ್ಕೆಯನ್ನು ಒಲೆಗೆ ಹಾಕಿ, ಬಂದ ಅನಿಲವನ್ನು ನೀರಿನ ತುಂತುರಿನಲ್ಲಿ ಹಾಯಿಸಿ ತಣಿಸಿ, ಮರಳಿನ ಹಾಸಿನಲ್ಲಿ ಸೋಸಿ, ಗಾಳಿಯೊಡನೆ ಬೆರೆಸಿ ಡೀಸೆಲ್ ಎಂಜಿನ್ನಿಗೆ ಕೊಡುತ್ತಿದ್ದರು. ಎಂಜಿನ್ನಿಗೆ ಬೇಕಾದ ಡೀಸೆಲಿನ ಬಹುಪಾಲು ಉಳಿಯಿತು. ಮನೆಗಳಲ್ಲಿ ದೀಪ ಹತ್ತಿತು. ಕುಡಿಯುವ ನೀರು ಮೇಲೇರಿತು. ಹಿಟ್ಟಿನ ಗಿರಣಿ ತಿರುಗಿತು. ಮುಂದೆ ಸಾಮರ್ಥ್ಯವನ್ನು 20 ಕಿಲೋವಾಟಿಗೆ ಏರಿಸಿದರು. ಆ ಸ್ಥಾವರದಲ್ಲಿ ನೀರಿಗೆ ಎರಡು ಬೇರೆ ಬೇರೆ ಕೆಲಸ: ಒಂದು, ಎಂಜಿನ್ನಿನ ಮೈಯ ಶಾಖವನ್ನು ಕೊಂಡೊಯ್ಯುವುದು, ಇನ್ನೊಂದು, ಎಂಜಿನ್ನಿನ ಉಸಿರನ್ನು ತಣಿಸುವುದು. ಈ ಎರಡು ಕೆಲಸಗಳನ್ನು ಬೇರೆಯಾಗಿ ಕಾಣುವುದೇ ವಿವೇಕ.

ಹಾಗಿದ್ದರೆ ಕಾರುಗಳನ್ನು ತಯಾರಿಸುವವರು ತಮ್ಮ ಕೈಯಾರೆ ಬಿಸಿನೀರನ್ನು ಗಾಳಿಯ ದಾರಿಗೆ ಏಕೆ ತಂದರು? ಎಷ್ಟೋ ಕಾರುಗಳಲ್ಲಿ ಎಂಜಿನ್ನಿನಿಂದ ಹೊರಟ ಬಿಸಿನೀರಿನ ಒಂದು ಕವಲು, ಗಾಳಿ ಒಳಹೋಗುವ ಬಾಗಿಲಾದ ಥ್ರಾಟಲ್ಲಿನ ಮೈಯನ್ನು ಸುತ್ತಿ ಬರುತ್ತದೆ. ಇದು ತಯಾರಕರ ಮರವೆಯಲ್ಲ. ಹಿಂದೆ ತಕ್ಕ ಕಾರಣವಿದ್ದ ಏರ್ಪಾಡು. ಕಾರ್ಬ್ಯುರೇಟರಿನ ಕಾಲದಲ್ಲಿ ಪೆಟ್ರೋಲು ಗಾಳಿಯ ದಾರಿಯಲ್ಲೇ ಆವಿಯಾಗುತ್ತಿತ್ತು. ಅಂಗೈಗೆ ಪೆಟ್ರೋಲು ತಾಗಿದಾಗ ತಣ್ಣಗಾಗುವುದನ್ನು ಕಂಡವರಿಗೆ ಈ ಆವಿಯಾಗುವಿಕೆ ಎಷ್ಟು ಶಾಖವನ್ನು ಹೀರುತ್ತದೆಂಬುದು ತಿಳಿದಿದೆ. ಹೊರಗೆ 10-15 ಡಿಗ್ರಿಯಿದ್ದು ಗಾಳಿಯಲ್ಲಿ ತೇವವೂ ಇದ್ದರೆ, ಕಾರ್ಬ್ಯುರೇಟರಿನ ಕಂಠದಲ್ಲಿ ಉಷ್ಣತೆ ಸೊನ್ನೆಗಿಂತ ಕೆಳಗಿಳಿದು ಮಂಜುಗಡ್ಡೆ ಕಟ್ಟುತ್ತಿತ್ತು. ಉಸಿರಿನ ಕೊಳವೆ ಮುಚ್ಚಿಕೊಂಡು ಎಂಜಿನ್ನು ನಿಲ್ಲುತ್ತಿತ್ತು. ಆದಕಾರಣ ಆ ಭಾಗವನ್ನು ಬೆಚ್ಚಗಿಡಬೇಕಾಯಿತು. 2014ರವರೆಗೆ ತಯಾರಾಗುತ್ತಿದ್ದ ಅಂಬಾಸಿಡರ್ ಕಾರಿನ ಹಳೆಯ ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಒಳಬರುವ ಕೊಳವೆಯನ್ನೂ ಹೊಗೆ ಹೊರಹೋಗುವ ಕೊಳವೆಯನ್ನೂ ಒಂದೇ ಮಗ್ಗುಲಲ್ಲಿ ಒತ್ತಾಗಿ ಇಟ್ಟಿದ್ದರು. ಹೊಗೆಯ ಬಿಸಿಯಿಂದ ಮಿಶ್ರಣ ಬೆಚ್ಚಗಾಗಲಿ ಎಂಬುದೇ ಉದ್ದೇಶ. ಇಂಗ್ಲೆಂಡಿನ ಚಳಿಗಾಲಕ್ಕೆ ಹೊಲಿದ ಆ ಅಂಗಿಯನ್ನು ಪಾವಗಡದ ಬಿಸಿಲಿನಲ್ಲೂ ತೊಟ್ಟು ಓಡಬೇಕಾಗಿತ್ತು.

ಇಂಧನವನ್ನು ಸಿಲಿಂಡರಿನ ಬಾಗಿಲಿನಲ್ಲೇ ಚಿಮ್ಮಿಸುವ ಪದ್ಧತಿ ಬಂದ ಮೇಲೆ ಥ್ರಾಟಲ್ಲಿನ ಬಳಿ ಪೆಟ್ರೋಲು ಆವಿಯಾಗುವ ಪ್ರಶ್ನೆ ಉಳಿಯಲಿಲ್ಲ. ಆದರೂ ಹಿಮ ಬೀಳುವ ದೇಶಗಳಲ್ಲಿ ಅದರ ತಟ್ಟೆ ಮಂಜಿನಿಂದ ಹೆಪ್ಪುಗಟ್ಟದಿರಲೆಂದು ಬಿಸಿನೀರಿನ ಕವಲನ್ನು ಹಲವು ತಯಾರಕರು ಉಳಿಸಿಕೊಂಡರು. ಮಧುಗಿರಿ, ಶಿರಾ, ಕೊರಟಗೆರೆಗಳಲ್ಲಿ ನೀರು ಹೆಪ್ಪುಗಟ್ಟುವ ಚಳಿ ಬರುವುದಿಲ್ಲ. ಹೀಗಿರುವಾಗ 85-90 ಡಿಗ್ರಿಯ ನೀರು ಗಾಳಿಯ ಬಾಗಿಲನ್ನು ಕಾಯಿಸುತ್ತಿರುವುದು ಏತಕ್ಕೆ ಎಂಬ ಸಂದೇಹ ಬುದ್ಧಿವಂತನಾದ ಯಾವ ಮೆಕ್ಯಾನಿಕ್ಕಿಗೂ ಬರಬಹುದಾದದ್ದೇ. ಥ್ರಾಟಲ್ಲಿಗೆ ಬಂದು ಹೋಗುವ ಎರಡು ರಬ್ಬರು ಕೊಳವೆಗಳನ್ನು ಕಳಚಿ, ಒಂದರ ಬಾಯಿಗೆ ಇನ್ನೊಂದನ್ನು ನೇರವಾಗಿ ಜೋಡಿಸಿಬಿಟ್ಟರೆ ನೀರು ತನ್ನ ದಾರಿಯಲ್ಲಿ ಹೋಗುತ್ತದೆ, ಗಾಳಿ ತನ್ನ ದಾರಿಯಲ್ಲಿ ಹೋಗುತ್ತದೆ. ಖರ್ಚು ಒಂದು ತುಂಡು ಕೊಳವೆ, ಎರಡು ಕ್ಲಿಪ್ಪು.

ಈ ಮಾರ್ಪಾಟಿನಿಂದ ಎಷ್ಟು ಲಾಭ? ಇಲ್ಲಿ ಉತ್ಸಾಹವನ್ನು ಬದಿಗಿಟ್ಟು ಲೆಕ್ಕವನ್ನು ಕೈಗೆ ತೆಗೆದುಕೊಳ್ಳಬೇಕು. 1,200 ಘನ ಸೆಂಟಿಮೀಟರಿನ ಎಂಜಿನ್ನು ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಪ್ರತಿ ಎರಡು ಸುತ್ತಿಗೊಮ್ಮೆ ತನ್ನ ಹೊಟ್ಟೆ ತುಂಬ ಗಾಳಿಯನ್ನು ಎಳೆದುಕೊಳ್ಳುತ್ತದೆ. ಅಂದರೆ ಸೆಕೆಂಡಿಗೆ ಸುಮಾರು 30 ಲೀಟರ್. ಥ್ರಾಟಲ್ಲಿನ ಕೊಳವೆ 45 ಮಿಲಿಮೀಟರ್ ಅಗಲವೆಂದು ಹಿಡಿದರೆ, ಬಾಗಿಲು ಪೂರ್ತಿ ತೆರೆದಾಗ ಗಾಳಿಯ ವೇಗ ಸೆಕೆಂಡಿಗೆ 19 ಮೀಟರಿನಷ್ಟಾಗುತ್ತದೆ. ಆರು ಸೆಂಟಿಮೀಟರ್ ಉದ್ದದ ಆ ಬಿಸಿ ಬಾಗಿಲನ್ನು ದಾಟಲು ಗಾಳಿಗೆ ಬೇಕಾಗುವ ಕಾಲ ಸೆಕೆಂಡಿನ ಸಾವಿರದ ಮೂರು ಭಾಗ ಮಾತ್ರ. ಕಾದ ಹೆಂಚಿನ ಮೇಲೆ ಬೆರಳು ಸೋಕಿಸಿ ತೆಗೆದಷ್ಟೂ ಹೊತ್ತಲ್ಲ. ಗಾಳಿ ಅಷ್ಟರಲ್ಲಿ ಹೆಚ್ಚು ಕಾಯಲಾರದು. ಬಾಗಿಲು ಅರೆ ತೆರೆದಿರುವಾಗ, ಎಂಜಿನ್ನು ನಿಂತಲ್ಲೇ ಮೆಲ್ಲಗೆ ತಿರುಗುವಾಗ, ಗಾಳಿ ನಿಧಾನವಾಗಿ ಸಾಗಿ ಹೆಚ್ಚು ಬಿಸಿಯಾಗುತ್ತದೆ ನಿಜ. ಆದರೆ ಆ ಹೊತ್ತಿನಲ್ಲಿ ಬಲ ಬೇಕೆಂದು ಯಾರೂ ಕೇಳುತ್ತಿರುವುದಿಲ್ಲ.

ಕೆಲವು ಕಾರುಗಳಲ್ಲಿ ಈ ಕೆಲಸ ಅಪಾಯವನ್ನೂ ತರಬಲ್ಲದು. ಕೊಳವೆಗಳನ್ನು ಜೋಡಿಸುವ ಬದಲು ಎರಡರ ಬಾಯಿಗೂ ಬೆಣೆ ಹೊಡೆದು ಮುಚ್ಚುವವರುಂಟು. ಆ ಕವಲಿನಲ್ಲಿ ಹರಿಯುವ ನೀರನ್ನು ನಂಬಿಯೇ ಥರ್ಮೋಸ್ಟಾಟ್ ಎಂಬ ಕಾವಲುಗಾರ ಎಂಜಿನ್ನಿನ ಬಿಸಿಯನ್ನು ಅರಿಯುವ ರಚನೆ ಕೆಲವು ಎಂಜಿನ್ನುಗಳಲ್ಲಿದೆ. ಹರಿವು ನಿಂತರೆ ಒಳಗೆ ನೀರು ಕುದಿಯುತ್ತಿದ್ದರೂ ಅದಕ್ಕೆ ಸುದ್ದಿ ತಲಪುವುದು ತಡವಾಗುತ್ತದೆ. ಇನ್ನು ಕೆಲವು ಹಳೆಯ ಎಂಜಿನ್ನುಗಳಲ್ಲಿ ಬೆಳಗಿನ ಚಳಿಯಲ್ಲಿ ಎಂಜಿನ್ನನ್ನು ತುಸು ವೇಗವಾಗಿ ತಿರುಗಿಸಿ, ಬಿಸಿಯಾದ ಮೇಲೆ ನಿಧಾನಗೊಳಿಸುವ ಮೇಣದ ಕವಾಟ ಅದೇ ಬಿಸಿನೀರಿನಿಂದ ಕೆಲಸ ಮಾಡುತ್ತದೆ. ನೀರು ಬಾರದಿದ್ದರೆ ಅದರ ಪಾಲಿಗೆ ದಿನವಿಡೀ ಬೆಳಗೇ. ಪೆಟ್ರೋಲು ವ್ಯರ್ಥವಾಗಿ ಉರಿಯುತ್ತಿರುತ್ತದೆ.

ಇದಕ್ಕಿಂತ ಕೆಟ್ಟದ್ದು ಥರ್ಮೋಸ್ಟಾಟನ್ನೇ ಕಿತ್ತೆಸೆಯುವ ಚಾಳಿ. ಬೇಸಗೆ ಬಂದೊಡನೆ ಅದನ್ನು ತೆಗೆಸಿ ಹಾಕುವುದು ಹಲವೆಡೆ ಒಂದು ವಾರ್ಷಿಕ ವ್ರತವೆಂಬಂತೆ ನಡೆದುಬಂದಿದೆ. ಥರ್ಮೋಸ್ಟಾಟ್ ಎಂದರೆ ಒಳಗೆ ಮೇಣ ತುಂಬಿದ ಒಂದು ಕವಾಟ. ನೀರು 82-90 ಡಿಗ್ರಿಗೆ ಬಂದಾಗ ಮೇಣ ಕರಗಿ ಹಿಗ್ಗಿ ರೇಡಿಯೇಟರಿನ ದಾರಿಯನ್ನು ತೆರೆಯುತ್ತದೆ. ಅದನ್ನು ತೆಗೆದರೆ ನೀರು ಸದಾ ರೇಡಿಯೇಟರಿಗೆ ಹರಿದು ಎಂಜಿನ್ನು ತಣ್ಣಗಿರುವುದೆಂಬ ನಂಬಿಕೆ. ಹೆದ್ದಾರಿಯಲ್ಲಿ ಓಡುವಾಗ ನಿಜವಾಗಿಯೂ ತಣ್ಣಗಾಗುತ್ತದೆ, ಬಾವಿಯ ತಣ್ಣೀರು ಕುಡಿದ ಆಯಿಲ್ ಎಂಜಿನ್ನಿನಂತೆ. ಎಂಜಿನ್ನು ಇನ್ನೂ ಕಾದಿಲ್ಲವೆಂದು ತಿಳಿದ ನಿಯಂತ್ರಕ ಹೆಚ್ಚು ಇಂಧನವನ್ನು ಚಿಮ್ಮಿಸುತ್ತದೆ. ಉರಿಯದೆ ಉಳಿದ ಪೆಟ್ರೋಲು ಗೋಡೆಯ ಎಣ್ಣೆಯನ್ನು ತೊಳೆಯುತ್ತದೆ. ಮತ್ತೆ ಕೆಲವು ಎಂಜಿನ್ನುಗಳಲ್ಲಿ ಅದೇ ಥರ್ಮೋಸ್ಟಾಟಿನ ಕೆಳಗಿನ ತಟ್ಟೆ, ಬಿಸಿಯಾದ ಮೇಲೆ ಅಡ್ಡದಾರಿಯನ್ನು ಮುಚ್ಚುವ ಕೆಲಸವನ್ನೂ ಮಾಡುತ್ತದೆ. ಅದಿಲ್ಲದಿದ್ದರೆ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತುತ್ತದೆ. ತಣಿಸಲೆಂದು ಮಾಡಿದ ಕೆಲಸ ಏರುದಾರಿಯಲ್ಲಿ ಎಂಜಿನ್ನನ್ನು ಕುದಿಸುತ್ತದೆ. ಇಷ್ಟೆಲ್ಲ ಆದರೂ ಒಳಬರುವ ಗಾಳಿ ಮಾತ್ರ ಹೇಳಿಕೊಳ್ಳುವಷ್ಟು ತಣ್ಣಗಾಗಿರುವುದಿಲ್ಲ.

ನೀರಿನ ದಾರಿಯನ್ನೇ ಬದಲಿಸಿ ಲಾಭ ಪಡೆದ ಉದಾಹರಣೆ ಇಲ್ಲವೆಂದಲ್ಲ. ಸಾಮಾನ್ಯವಾಗಿ ರೇಡಿಯೇಟರಿನಿಂದ ತಣಿದು ಬಂದ ನೀರು ಮೊದಲು ಸಿಲಿಂಡರುಗಳ ಸುತ್ತ ಹರಿದು, ಅಲ್ಲಿ ಬಿಸಿಯಾಗಿ, ಬಳಿಕ ಮೇಲಿನ ತಲೆಯ ಭಾಗಕ್ಕೆ ಏರುತ್ತದೆ. ಆದರೆ ಹೆಚ್ಚು ತಣಿಯಬೇಕಾದದ್ದು ತಲೆಯೇ. ಜ್ವಾಲೆ ಹುಟ್ಟುವುದೂ ಗಾಳಿಯ ಬಾಗಿಲುಗಳಿರುವುದೂ ಅಲ್ಲಿಯೇ. ಅಮೆರಿಕದ ಷೆವ್ರೊಲೆ ಕಂಪನಿ 1992ರ ಮಾದರಿಯ ಕಾರ್ವೆಟ್ ಕಾರಿನ 'ಎಲ್‌ಟಿ-1' ಎಂಜಿನ್ನಿನಲ್ಲಿ ಈ ದಾರಿಯನ್ನು ತಲೆಕೆಳಗು ಮಾಡಿತು. ತಣ್ಣನೆಯ ದ್ರವ ಮೊದಲು ತಲೆಗೆ ಹೋಗಿ, ಆಮೇಲೆ ಸಿಲಿಂಡರುಗಳಿಗೆ ಇಳಿಯುವಂತಾಯಿತು. ತಲೆ ತಂಪಾಗಿ ಉಳಿದದ್ದರಿಂದ ಟಣಟಣ ಸದ್ದಿನ ಭಯ ತಗ್ಗಿತು. ಮಿಶ್ರಣವನ್ನು ಹತ್ತೂವರೆ ಪಟ್ಟಿನವರೆಗೆ ಒತ್ತುವ ಧೈರ್ಯ ಬಂದಿತು. ಸಿಲಿಂಡರಿನ ಗೋಡೆ ಬೆಚ್ಚಗೆ ಉಳಿದದ್ದರಿಂದ ಉಜ್ಜಾಟವೂ ಕಡಮೆಯಾಯಿತು. ಕೊಳಾಲದ ಮೇಸ್ತ್ರಿ ನಲ್ಲಿ ತಿರುಗಿಸಿ ಸಾಧಿಸಿದ್ದೂ ಗೋಡೆಯನ್ನು ಬೆಚ್ಚಗಿಡುವುದನ್ನೇ. ಆದರೆ ಪ್ರಕೃತಿ ತನ್ನ ಹಟ ಬಿಡಲಿಲ್ಲ. ನೀರಿನೊಳಗಿನ ಗುಳ್ಳೆಗಳು ಮೇಲಕ್ಕೇ ಏರುತ್ತವೆ. ನೀರನ್ನು ಕೆಳಕ್ಕೆ ಇಳಿಸಿದರೆ ಗುಳ್ಳೆಗಳು ತಲೆಯಲ್ಲೇ ಸಿಕ್ಕಿಕೊಳ್ಳುತ್ತವೆ. ಅವನ್ನು ಹೊರಗೆ ಬಿಡಲು ಬೇರೆ ಸಣ್ಣ ಕೊಳವೆಗಳು ಬೇಕಾದವು. ಅದೇ ಕಂಪನಿ 1997ರ ಮಾದರಿಯ ಹೊಸ ಎಂಜಿನ್ನಿನಲ್ಲಿ ಹಳೆಯ ದಾರಿಗೇ ಮರಳಿತು. ಸಾವಿರಾರು ತಜ್ಞರಿರುವ ಕಂಪನಿಯೇ ಹೀಗೆ ಹಿಂದಡಿಯಿಟ್ಟಿರುವಾಗ, ರಸ್ತೆಬದಿಯ ಅಂಗಡಿಯಲ್ಲಿ ಪಂಪಿನ ಕೊಳವೆಗಳನ್ನು ಅದಲುಬದಲು ಮಾಡುವುದು ಸಾಹಸವೇ ಸರಿ.

ಗಾಳಿಯನ್ನು ತಣಿಸಲೆಂದೇ ಬೇರೊಂದು ನೀರಿನ ಸುತ್ತನ್ನು ಇಡುವುದು ಇನ್ನೊಂದು ದಾರಿ. ಎರಡನೆಯ ಮಹಾಯುದ್ಧದ ವಿಮಾನಗಳಲ್ಲಿದ್ದ ರೋಲ್ಸ್ ರಾಯ್ಸ್ ಕಂಪನಿಯ ಮರ್ಲಿನ್ ಎಂಜಿನ್ನಿನ ಎರಡು ಹಂತಗಳ ಮಾದರಿಯಲ್ಲಿ, ಎತ್ತರದ ತೆಳುಗಾಳಿಯನ್ನು ಯಂತ್ರದಿಂದ ಒತ್ತಿ ತುಂಬುತ್ತಿದ್ದರು. ಒತ್ತಿದ ಗಾಳಿ ಕಾಯುತ್ತದೆ; ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದು ಇದೇ ಕಾರಣದಿಂದ. ಆ ಗಾಳಿಯನ್ನು ತಣಿಸುವುದಕ್ಕಾಗಿ ತನ್ನದೇ ಪಂಪು, ತನ್ನದೇ ರೇಡಿಯೇಟರ್ ಇರುವ ಪ್ರತ್ಯೇಕ ಸುತ್ತು ಅಲ್ಲಿತ್ತು. ಎಂಜಿನ್ನಿನ ಮೈಯನ್ನು ತಣಿಸುವ ನೀರಿಗೂ ಇದಕ್ಕೂ ಸಂಬಂಧವಿರಲಿಲ್ಲ. ಈಗ ಹೆದ್ದಾರಿಯಲ್ಲಿ ಓಡುವ ಲಾರಿ ಬಸ್ಸುಗಳ ಡೀಸೆಲ್ ಎಂಜಿನ್ನುಗಳಲ್ಲಿ ಇಂಟರ್‌ಕೂಲರ್ ಎಂಬ ಹೆಸರಿನಲ್ಲಿ ಇದೇ ಉಪಾಯ ಮನೆಮಾತಾಗಿದೆ; ಆದರೆ ಅವುಗಳಲ್ಲಿ ಸಾಮಾನ್ಯವಾಗಿ ನೀರಿನ ಬದಲು ಎದುರುಗಾಳಿಯೇ ಆ ಕೆಲಸವನ್ನು ಮಾಡುತ್ತದೆ.

ಹಾಗಾದರೆ ಒಂದು ಸಾಧಾರಣ ಕಾರಿಗೆ ತಣ್ಣನೆಯ ಉಸಿರನ್ನು ಕೊಡುವ ಬಗೆ ಯಾವುದು? ಬಾನೆಟ್ಟಿನೊಳಗೆ ಗಾಳಿ ಕಾಯುವುದು ಮುಖ್ಯವಾಗಿ ರೇಡಿಯೇಟರಿನ ಹಿಂದೆ. ಫ್ಯಾನು ಬಿಸಿ ರೇಡಿಯೇಟರಿನ ಮೂಲಕ ಗಾಳಿಯನ್ನು ಎಳೆದು ಎಂಜಿನ್ನಿನ ಮೇಲೆ ಎರಚುತ್ತದೆ. ಗಾಳಿ ಸೋಸುವ ಡಬ್ಬಿಯ ಮೂತಿ ಆ ಬಿಸಿಗಾಳಿಯಲ್ಲಿದ್ದರೆ, ಥ್ರಾಟಲ್ಲಿನಲ್ಲಿ ನೀರು ಹರಿದರೇನು, ಹರಿಯದಿದ್ದರೇನು? ಆ ಮೂತಿ ರೇಡಿಯೇಟರಿನ ಮುಂದಿನ ತಣ್ಣನೆಯ ಗಾಳಿಯ ಕಡೆಗೆ ಚಾಚಿರಬೇಕು. ತಯಾರಕರು ಬಹುಮಟ್ಟಿಗೆ ಹಾಗೆಯೇ ಇಟ್ಟಿರುತ್ತಾರೆ. ರಿಪೇರಿಯ ಹೊತ್ತಿನಲ್ಲಿ ಕಳಚಿದ ಆ ಕೊಳವೆಯನ್ನು ಮತ್ತೆ ಹಾಕದೆ ಮೂಲೆಗೆಸೆದ ಕಾರುಗಳೇ ಹೆಚ್ಚು. ಧೂಳಿನಿಂದ ಮುಚ್ಚಿದ ರೇಡಿಯೇಟರಿನ ಸಂದುಗಳನ್ನು ತೊಳೆಯುವುದು, ಹೊಗೆಯ ಕೊಳವೆಗೆ ಮೊದಲೇ ಇದ್ದ ತಗಡಿನ ಮರೆಯನ್ನು ಮರಳಿ ಕಟ್ಟುವುದು, ಇವು ಹೆಸರು ತರುವ ಕೆಲಸಗಳಲ್ಲ; ಆದರೂ ಗಾಳಿಯನ್ನು 60 ಡಿಗ್ರಿಯಿಂದ 40ಕ್ಕೆ ಇಳಿಸಬಲ್ಲವು ಇವೇ. ಆಗ ಅದೇ ಗಾತ್ರದ ಗಾಳಿಯ ತೂಕ ಶೇಕಡ 6ರಷ್ಟು ಹೆಚ್ಚುತ್ತದೆ. ಆದರೆ ಆ ಶೇಕಡ 6ರ ಅನುಭವವಾಗುವುದು ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಮಾತ್ರ. ಸಮತಟ್ಟಾದ ರಸ್ತೆಯಲ್ಲಿ ಚಾಲಕನೇ ಬಾಗಿಲನ್ನು ಅರೆ ಮುಚ್ಚಿ ಗಾಳಿಯನ್ನು ತಡೆದಿರುತ್ತಾನೆ. ಅಲ್ಲಿ ತಣ್ಣನೆಯ ಗಾಳಿಯಿಂದ ಪೆಟ್ರೋಲು ಉಳಿಯುತ್ತದೆಂದು ಹೇಳುವವರ ಮಾತನ್ನು ನಂಬಬೇಕಾಗಿಲ್ಲ; ಬೆಚ್ಚನೆಯ ಗಾಳಿಯಾದರೆ ಬಾಗಿಲು ತುಸು ಹೆಚ್ಚು ತೆರೆದು, ಗಾಳಿ ಎಳೆಯುವ ಶ್ರಮವೇ ಸ್ವಲ್ಪ ಕಡಮೆಯಾಗುವುದುಂಟು.

ಮಾರ್ಪಾಟು ಮಾಡಿದವನಿಗೆ ಕಾರು ಹಗುರವಾಗಿ ಓಡಿದಂತೆ ತೋರುವುದು ಸಹಜ. ಕೈಯಿಂದ ಹಣ ಹೋಗಿದ್ದರಂತೂ ಇನ್ನೂ ಸಹಜ. ಅದನ್ನು ಪರೀಕ್ಷಿಸಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಗಾಳಿಯ ಡಬ್ಬಿಯ ಬಾಯಿಯಲ್ಲೊಂದು, ಥ್ರಾಟಲ್ಲನ್ನು ದಾಟಿದ ಮೇಲೊಂದು ಉಷ್ಣಮಾಪಕವಿರಬೇಕು. ದೇವರಾಯನದುರ್ಗದ ಏರುದಾರಿಯಂಥ ಒಂದೇ ರಸ್ತೆಯನ್ನು, ಒಂದೇ ಹೊರೆ ಹೊತ್ತು, ದಿನದ ಒಂದೇ ಹೊತ್ತಿನಲ್ಲಿ, ಮಾರ್ಪಾಟಿಗೆ ಮೊದಲು ಮೂರು ಬಾರಿ, ಆಮೇಲೆ ಮೂರು ಬಾರಿ ಹತ್ತಬೇಕು. ಪ್ರತಿ ಸಲವೂ ಹೊರಗಿನ ಗಾಳಿ, ಒಳಗಿನ ಗಾಳಿ, ನೀರು ಈ ಮೂರರ ಉಷ್ಣತೆಯನ್ನೂ, ಹತ್ತಲು ಹಿಡಿದ ಕಾಲವನ್ನೂ ಕಾಗದದಲ್ಲಿ ಬರೆದಿಡಬೇಕು. ಒಳಗಿನ ಗಾಳಿಯಿಂದ ಹೊರಗಿನ ಗಾಳಿಯನ್ನು ಕಳೆದರೆ ಉಳಿಯುವ ಅಂಕಿಯೇ ಕೊಳವೆಯ ದಾರಿ ತಿರುಗಿಸಿದ್ದರ ಫಲ. ಅದು ಎರಡು ಡಿಗ್ರಿಯೂ ಬದಲಾಗಿರದಿದ್ದರೆ ಹಳೆಯ ಕೊಳವೆಗಳನ್ನು ಅವುಗಳ ಜಾಗಕ್ಕೆ ಮರಳಿ ಹಾಕಬಹುದು. ನೀರಿನ ಉಷ್ಣತೆ ಏರಿದ್ದರೆ ಆ ಕೂಡಲೇ ಹಾಕಲೇಬೇಕು. ಆದರೆ ಎಂಜಿನ್ನು ಪೂರ್ತಿ ಆರುವವರೆಗೆ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಬಾರದು. ಒತ್ತಡದಲ್ಲಿರುವ ಆ ನೀರು ನೂರು ಡಿಗ್ರಿ ದಾಟಿದರೂ ಕುದಿಯದೆ ಕಾದುಕೊಂಡಿರುತ್ತದೆ. ಮುಚ್ಚಳ ಸಡಿಲಿದ ಕ್ಷಣದಲ್ಲಿ ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ.